44-ಎ: ಮುತ್ತುಲಕ್ಷ್ಮಿ ರೆಡ್ಡಿ ತಂದ ಒಂದು ಸಣ್ಣ ತಿದ್ದುಪಡಿಯ ಕಥೆ

ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರು ಎತ್ತಿದರೆ ಸಾಕು, 'ಮೊದಲಿಗರು' ಎಂಬ ಪಟ್ಟಿ ಶುರುವಾಗುತ್ತದೆ. ಹುಡುಗರ ಕಾಲೇಜಿಗೆ ಸೇರಿದ ಹುಡುಗಿ, ಮದ್ರಾಸಿನ ಮೊದಲ ಸಾಲಿನ ಡಾಕ್ಟರಮ್ಮ, ಬ್ರಿಟಿಷ್ ಇಂಡಿಯಾದ ಮೊದಲ ಶಾಸಕಿ, ಸದನವೊಂದರ ಮೊದಲ ಮಹಿಳಾ ಉಪಾಧ್ಯಕ್ಷೆ. ಪಟ್ಟಿ ನಿಜವೇ. ಆದರೆ ಇದನ್ನು ಓದಿದವರಿಗೆ ಅವರು ಸದನದಲ್ಲಿ ಕೂತು ಮಾಡಿದ್ದೇನು ಅಂತ ಗೊತ್ತಾಗುವುದಿಲ್ಲ. 'ದೇವದಾಸಿ ಪದ್ಧತಿ ನಿಲ್ಲಿಸಿದರು' ಎಂಬ ಒಂದು ಸಾಲಿನಲ್ಲಿ ಎಲ್ಲ ಮುಗಿಸಿಬಿಡುತ್ತೇವೆ. ನಿಲ್ಲಿಸಿದ್ದು ಹೇಗೆ? ಪಕ್ಷ ಇಲ್ಲ, ಮಂತ್ರಿ ಪದವಿ ಇಲ್ಲ, ಜನರ ಓಟೂ ಇಲ್ಲ. ಇದ್ದದ್ದು ಮೂರೂವರೆ ವರ್ಷಕ್ಕೂ ಕಮ್ಮಿ ಸಮಯ. ಅಷ್ಟರಲ್ಲಿ ಒಬ್ಬ ಸದಸ್ಯೆ ಏನು ಮಾಡಬಹುದಿತ್ತು, ಏನು ಆಗಲಿಲ್ಲ ಎನ್ನುವುದೇ ಇಲ್ಲಿನ ಕುತೂಹಲ.

ಮೊದಲು ಅವರ ಹಿನ್ನೆಲೆ ಸ್ವಲ್ಪ ನೋಡೋಣ.

ಅವರು ಹುಟ್ಟಿದ್ದು 1886ರ ಜುಲೈ 30ರಂದು, ಪುದುಕ್ಕೋಟೈ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್, ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಈ ಮದುವೆಯ ಕಾರಣಕ್ಕೆ ತಂದೆಯ ಕಡೆಯವರು ಸಂಬಂಧ ಕಡಿದುಕೊಂಡರು. ಹುಡುಗಿ ತಾಯಿಯ ಮನೆಯ ನಂಟಿನಲ್ಲೇ ಬೆಳೆದಳು. ಹಾಗಾಗಿ ಮುಂದೆ ಸದನದಲ್ಲಿ ಅವರು ಮಾತಾಡಿದ ವಿಷಯ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ಮೆಟ್ರಿಕ್ ಪಾಸಾದ ಮೇಲೆ ಮಹಾರಾಜಾ ಕಾಲೇಜಿಗೆ ಅರ್ಜಿ ಹಾಕಿದರು. ಅದು ಹುಡುಗರ ಕಾಲೇಜು. 'ಹುಡುಗಿ ಬಂದರೆ ನಮ್ಮ ಮಕ್ಕಳು ಕೆಡುತ್ತಾರೆ' ಎಂದು ಗಲಾಟೆಯಾಯಿತು. ಸಂಸ್ಥಾನದ ರಾಜ ಮಾರ್ತಾಂಡ ಭೈರವ ತೊಂಡೈಮಾನ್ ಯಾರ ಮಾತಿಗೂ ಸೊಪ್ಪು ಹಾಕದೆ ಸೇರಿಸಿಕೊಳ್ಳಿ ಅಂದರು, ವಿದ್ಯಾರ್ಥಿವೇತನವನ್ನೂ ಕೊಟ್ಟರು. 1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು. 1912ರಲ್ಲಿ ಪದವಿ, ಜೊತೆಗೆ ಚಿನ್ನದ ಪದಕಗಳು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರ ಜೊತೆ ಮದುವೆ. ತನ್ನನ್ನು ಸಮಾನಳಾಗಿ ನೋಡಬೇಕು, ತನ್ನ ಇಷ್ಟಕ್ಕೆ ಅಡ್ಡ ಬರಬಾರದು ಎಂಬ ಷರತ್ತು ಹಾಕಿಯೇ ಮದುವೆಗೆ ಒಪ್ಪಿದ್ದರು. ಸುಂದರ ರೆಡ್ಡಿ ಆ ಮಾತು ಉಳಿಸಿಕೊಂಡರು. 1925ರಲ್ಲಿ ಹೆಚ್ಚಿನ ಓದಿಗೆ ಲಂಡನ್ನಿಗೆ ಹೊರಟಾಗ ಗಂಡ, ಇಬ್ಬರು ಗಂಡುಮಕ್ಕಳು ಎಲ್ಲರೂ ಜೊತೆಗೆ ಹೋದರು.

ಈಗ ಸದನದ ವಿಷಯ. ಇದು ಸ್ವಲ್ಪ ಗೋಜಲು. ಆದರೆ ಇದು ಅರ್ಥವಾಗದೆ ಉಳಿದದ್ದು ಅರ್ಥವಾಗುವುದಿಲ್ಲ.

1919ರ ಕಾಯ್ದೆಯ ನಂತರ ಪ್ರಾಂತ್ಯಗಳಲ್ಲಿ ಇದ್ದದ್ದು ಎರಡು ತಲೆಯ ಆಡಳಿತ. ಪೊಲೀಸ್, ಭೂಕಂದಾಯ, ಹಣಕಾಸು ಇತ್ಯಾದಿಗಳನ್ನು ಗವರ್ನರ್ ಮತ್ತು ಅವರ ಕೌನ್ಸಿಲರುಗಳು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆಗಳು, ಧಾರ್ಮಿಕ ದತ್ತಿ ಇವು ಭಾರತೀಯ ಮಂತ್ರಿಗಳ ಪಾಲಿಗೆ ಬಂದವು. ಅಂದರೆ ಸದನದ ಮಾತಿಗೆ ಸ್ವಲ್ಪವಾದರೂ ಬೆಲೆ ಇದ್ದದ್ದು ಎರಡನೇ ಗುಂಪಿನ ವಿಷಯಗಳಲ್ಲಿ. ಮದ್ರಾಸಿನಲ್ಲಿ ಆಗ ಇದ್ದದ್ದು ಒಂದೇ ಸದನ, ಲೆಜಿಸ್ಲೇಟಿವ್ ಕೌನ್ಸಿಲ್. ಸದಸ್ಯರಲ್ಲಿ ಹೆಚ್ಚಿನವರು ಚುನಾವಣೆಯಲ್ಲಿ ಗೆದ್ದು ಬಂದವರು, ಉಳಿದವರು ಸರ್ಕಾರ ನೇಮಿಸಿದವರು. ಓಟು ಕೂಡ ಎಲ್ಲರಿಗೂ ಇರಲಿಲ್ಲ. ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ.

ಹೆಂಗಸರಿಗೆ? ಮದ್ರಾಸ್ ಈ ವಿಷಯದಲ್ಲಿ ಮುಂದಿತ್ತು. 1921ರಲ್ಲೇ ಅರ್ಹತೆ ಇರುವ ಹೆಂಗಸರು ಓಟು ಹಾಕಬಹುದು ಎಂದು ನಿರ್ಣಯ ಮಾಡಿತು. ಸದಸ್ಯರಾಗಿ ನಿಲ್ಲಲು ಅವಕಾಶ ಸಿಕ್ಕಿದ್ದು ಮಾತ್ರ 1926ರಲ್ಲಿ. ಆ ವರ್ಷದ ಚುನಾವಣೆಗೆ ನಿಂತವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಆಗ ಅವರಿಗೆ 23 ವರ್ಷ. ತೀರಾ ಕಡಿಮೆ ಅಂತರದಲ್ಲಿ ಸೋತರು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು ಎಂಬುದು ನೆನಪಿರಲಿ. ಈ ಸದನ ಮಾಡಿದ ಕಾನೂನು ಅಲ್ಲಿನ ಕನ್ನಡಿಗರಿಗೂ ಅನ್ವಯಿಸುತ್ತಿತ್ತು.

ಕಮಲಾದೇವಿ ಗೆದ್ದಿದ್ದರೆ ಮೊದಲ ಶಾಸಕಿ ಎಂಬ ಹೆಸರು ಓಟಿನಿಂದ ಗೆದ್ದ ಹೆಂಗಸಿಗೇ ಸೇರುತ್ತಿತ್ತು. ಹಾಗಾಗಲಿಲ್ಲ. ಅಡ್ಯಾರಿನ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ನಿನವರು ಒಬ್ಬ ಮಹಿಳೆಯನ್ನಾದರೂ ನೇಮಕ ಮಾಡಿ ಎಂದು ಸರ್ಕಾರದ ಬೆನ್ನು ಹತ್ತಿದರು. ಲಂಡನ್ನಿನಿಂದ ವಾಪಸಾಗಿದ್ದ ಡಾ. ರೆಡ್ಡಿ ಅವರ ಹೆಸರು ಮುಂದೆ ಬಂತು. ಅವರಿಗೆ ಮನಸ್ಸಿರಲಿಲ್ಲ. ಕ್ಲಿನಿಕ್ ಚೆನ್ನಾಗಿ ನಡೆಯುತ್ತಿತ್ತು, ರಾಜಕೀಯ ಹೊಸದು. ಕೊನೆಗೆ ಒಪ್ಪಿಕೊಂಡರು. 1927ರ ಆರಂಭದಲ್ಲಿ ಸದನದ ಒಳಗೆ ಹೋದ ಒಬ್ಬಳೇ ಹೆಂಗಸು ಅವರು. ಆಗ ವಯಸ್ಸು 40. ಸದನ ಅವರನ್ನು ಅವಿರೋಧವಾಗಿ ಉಪಾಧ್ಯಕ್ಷೆಯಾಗಿ ಆರಿಸಿತು. (ಸಂಸ್ಥಾನಗಳನ್ನೂ ಲೆಕ್ಕಕ್ಕೆ ತಗೊಂಡರೆ ತಿರುವಾಂಕೂರಿನಲ್ಲಿ ಡಾ. ಮೇರಿ ಪೂನನ್ ಲುಕೋಸ್ ಇವರಿಗಿಂತ ಮೊದಲೇ ಸದಸ್ಯೆಯಾಗಿದ್ದರು. ಅವರೂ ಡಾಕ್ಟರೇ! ಅದಕ್ಕೇ 'ಬ್ರಿಟಿಷ್ ಇಂಡಿಯಾದಲ್ಲಿ' ಎಂದು ಸೇರಿಸಿ ಹೇಳುವುದು.)

ಸರ್ಕಾರ ನೇಮಿಸಿದ ಸದಸ್ಯೆ ಎಂದರೆ ಸುಮ್ನೆ ಕೈ ಎತ್ತುವವರು ಎಂದು ಎಲ್ಲರ ಅಂದಾಜು. ಇವರು ಹಾಗಿರಲಿಲ್ಲ. ಶಾಲೆಯ ಹೆಣ್ಣುಮಕ್ಕಳ ಆರೋಗ್ಯ ತಪಾಸಣೆ, ಬಡ ಹುಡುಗಿಯರಿಗೆ ಫೀಸು ವಿನಾಯಿತಿ, ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ, ಹೀಗೆ ಒಂದಾದ ಮೇಲೊಂದು ವಿಷಯ ಎತ್ತಿದರು. ಮದುವೆಯ ವಯಸ್ಸನ್ನು ಹುಡುಗಿಗೆ 16, ಹುಡುಗನಿಗೆ 21 ಮಾಡಬೇಕು ಎಂಬ ನಿರ್ಣಯವನ್ನು 1928ರಲ್ಲಿ ತಂದರು. ಮಾರನೇ ವರ್ಷ ದಿಲ್ಲಿಯಲ್ಲಿ ಬಂದ ಶಾರದಾ ಕಾಯ್ದೆ ನಿಂತದ್ದು 14 ಮತ್ತು 18ಕ್ಕೆ. ವೇಶ್ಯಾಗೃಹಗಳ ವಿರುದ್ಧದ ಕಾಯ್ದೆ 1930ರಲ್ಲಿ ಪಾಸಾದದ್ದರಲ್ಲೂ ಅವರ ಒತ್ತಾಯ ಇತ್ತು.

ಆದರೆ ಅವರ ಜಾಣತನ ಪೂರ್ತಿ ಕಾಣುವುದು ದೇವದಾಸಿ ವಿಷಯದಲ್ಲಿ.

1927ರ ನವೆಂಬರಿನಲ್ಲಿ ಅವರು ಒಂದು ನಿರ್ಣಯ ಮಂಡಿಸಿದರು. ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಅರ್ಪಿಸುವ ಪದ್ಧತಿಯನ್ನು ನಿಲ್ಲಿಸಲು ಸರ್ಕಾರ ಕಾನೂನು ಮಾಡಲಿ ಎಂದು. ಸದನ ಒಪ್ಪಿತು. ನಿರ್ಣಯ ಅಂದರೆ ಏನು? ಸಲಹೆ, ಅಷ್ಟೇ. ಸರ್ಕಾರ ಕೇಳಬಹುದು, ಬಿಡಬಹುದು. ಬ್ರಿಟಿಷರಿಗೆ ಕೇಳುವ ಉಮೇದು ಇರಲಿಲ್ಲ. 1857ರ ಏಟಿನ ನಂತರ 'ಧರ್ಮದ ತಂಟೆಗೆ ಹೋಗುವುದಿಲ್ಲ' ಎಂಬುದು ಅವರ ನೀತಿ. ಅದೂ ಅಲ್ಲದೆ ದಂಡ ಸಂಹಿತೆಯ 372, 373ನೇ ಸೆಕ್ಷನ್ನುಗಳು ಇವೆಯಲ್ಲ, ಅಪ್ರಾಪ್ತ ಹುಡುಗಿಯನ್ನು ವೇಶ್ಯಾವೃತ್ತಿಗೆ ಮಾರುವುದು ಆಗಲೇ ಅಪರಾಧ, ಇನ್ನೇನು ಬೇಕು ಎಂಬ ಮಾತೂ ಇತ್ತು. ಕಾಗದದಲ್ಲಿ ಅದು ಸರಿ. ಆದರೆ ದೇವರ ಮುಂದೆ ತಾಳಿ ಕಟ್ಟಿಸಿಕೊಂಡದ್ದನ್ನು 'ಮಾರಾಟ' ಎಂದು ಕೋರ್ಟಿನಲ್ಲಿ ಸಾಬೀತು ಮಾಡುವವರು ಯಾರು? ಸಾಕ್ಷಿ ಹೇಳಬೇಕಾದವರು ಅದೇ ಮನೆಯವರು, ಅದೇ ಪೂಜಾರಿ. ಇನ್ನು, ದಂಡ ಸಂಹಿತೆಯನ್ನೇ ತಿದ್ದೋಣ ಅಂದರೆ ಅದು ಇಡೀ ದೇಶದ ಕಾನೂನು. ಪ್ರಾಂತ್ಯದ ಸದನ ಅದಕ್ಕೆ ಕೈ ಹಾಕಬೇಕಾದರೆ ವೈಸರಾಯರ ಪೂರ್ವಾನುಮತಿ ಬೇಕಿತ್ತು.

ಹಾಗಾದರೆ ದಾರಿ ಎಲ್ಲಿ? ಭೂಮಿಯಲ್ಲಿ.

ದೊಡ್ಡ ದೇವಸ್ಥಾನಗಳ ದೇವದಾಸಿಯರಿಗೆ ಸಂಬಳ ಇರಲಿಲ್ಲ, ಇನಾಂ ಇತ್ತು. ಕೆಲವರಿಗೆ ಜಮೀನೇ ಇನಾಂ. ಇನ್ನು ಕೆಲವರಿಗೆ ಒಂದು ಜಮೀನಿನ ಕಂದಾಯದ ಪಾಲು ಮಾತ್ರ. ಎರಡಕ್ಕೂ ಷರತ್ತು ಒಂದೇ: ದೇವರ ಮುಂದೆ ಹಾಡು, ಕುಣಿತ, ಆರತಿಯ ಸೇವೆ ನಡೆಯುತ್ತಿರಬೇಕು. ಸೇವೆ ನಿಂತರೆ ಇನಾಂ ವಾಪಸ್.

ಈಗ ಆ ಮನೆಯ ಒಳಗಿನಿಂದ ನೋಡಿ. ಒಬ್ಬ ತಾಯಿ ಇದ್ದಾಳೆ. ಅವಳಿಗೆ ವಯಸ್ಸಾಯಿತು, ಸೇವೆ ಮಾಡುವ ಶಕ್ತಿ ಇಲ್ಲ. ಹೆಸರಿನಲ್ಲಿ ಎರಡು ಎಕರೆ ಗದ್ದೆ ಇದೆ. ಮನೆಯಲ್ಲಿ ಏಳೆಂಟು ಜನ ಅದರ ಅಕ್ಕಿ ತಿನ್ನುತ್ತಾರೆ. ಮಗಳನ್ನು ಶಾಲೆಗೆ ಕಳಿಸಿ ಮದುವೆ ಮಾಡಿದರೆ ಸೇವೆಗೆ ಯಾರೂ ಇಲ್ಲ, ಗದ್ದೆ ದೇವಸ್ಥಾನಕ್ಕೆ ಹೋಗುತ್ತದೆ. ಮಗಳಿಗೆ ಪೊಟ್ಟು, ಅಂದರೆ ದೇವರ ಹೆಸರಿನ ತಾಳಿ, ಕಟ್ಟಿಸಿದರೆ ಗದ್ದೆ ಉಳಿಯುತ್ತದೆ. ಸ್ವಂತ ಮಗಳಿಲ್ಲದಿದ್ದರೆ ಎಲ್ಲಿಂದಲೋ ಒಂದು ಹುಡುಗಿಯನ್ನು ದತ್ತು ತಗೊಂಡಾದರೂ ಕಟ್ಟಿಸಬೇಕು. ಇಲ್ಲಿ ಭಕ್ತಿ ಎಷ್ಟು, ಹೊಟ್ಟೆಪಾಡು ಎಷ್ಟು ಅಂತ ಬೇರೆ ಮಾಡಿ ಹೇಳುವುದು ಕಷ್ಟ. ಆದರೆ ಒಂದು ಮಾತಂತೂ ನಿಜ: ಪದ್ಧತಿಯನ್ನು ಬೈದು ಭಾಷಣ ಮಾಡಿದರೆ ಈ ತಾಯಿಯ ಲೆಕ್ಕ ಬದಲಾಗುವುದಿಲ್ಲ.

ಮುತ್ತುಲಕ್ಷ್ಮಿ ಹಿಡಿದದ್ದು ಈ ಲೆಕ್ಕವನ್ನೇ. ಅದಕ್ಕೆ ಬೇಕಾದ ಕಾನೂನೂ ಅದಾಗಲೇ ಇತ್ತು. ಪಾನಗಲ್ ರಾಜರ ಜಸ್ಟಿಸ್ ಪಕ್ಷದ ಸರ್ಕಾರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯನ್ನು ತಂದಿತ್ತು. ದೇವಸ್ಥಾನಗಳ ಆಸ್ತಿ, ಲೆಕ್ಕಪತ್ರ ನೋಡಿಕೊಳ್ಳಲು ಒಂದು ಮಂಡಳಿಯನ್ನು ಮಾಡಿದ ಕಾಯ್ದೆ ಅದು. ಅಂದರೆ ದೇವಸ್ಥಾನದ ಆಸ್ತಿಯ ವಿಷಯದಲ್ಲಿ ಸರ್ಕಾರ ಕೈ ಹಾಕಿಯಾಗಿತ್ತು. 'ಧರ್ಮದ ತಂಟೆ' ಎಂಬ ನೆಪ ಇನ್ನು ನಡೆಯುವಂತಿರಲಿಲ್ಲ. ಧಾರ್ಮಿಕ ದತ್ತಿ ಮಂತ್ರಿಗಳ ಪಾಲಿನ ವಿಷಯ, ಸದನದ ಮಾತು ನಡೆಯುವ ಜಾಗ. 1928ರಲ್ಲಿ ಅವರು ಆ ಕಾಯ್ದೆಗೆ ಒಂದು ತಿದ್ದುಪಡಿ ಮಸೂದೆ ತಂದರು. 1929ರ ಫೆಬ್ರವರಿಯಲ್ಲಿ ಅದು ಪಾಸಾಯಿತು. ಕಾಯ್ದೆಗೆ 44-ಎ ಎಂಬ ಹೊಸ ಸೆಕ್ಷನ್ ಸೇರಿತು.

ಅದು ಹೇಳುವುದು ಸರಳ. ದೇವದಾಸಿಯ ಕೈಯಲ್ಲಿ ಜಮೀನೇ ಇನಾಂ ಆಗಿದ್ದರೆ ಆ ಜಮೀನನ್ನು ಸೇವೆಯ ಷರತ್ತಿನಿಂದ ಬಿಡಿಸಬೇಕು. ವರ್ಷಕ್ಕೆ ಇಷ್ಟು ಎಂದು ಜೋಡಿ (ಇನಾಂ ಜಮೀನಿನ ಮೇಲಿನ ಕಡಿಮೆ ಕಂದಾಯ) ಕಟ್ಟಿಕೊಂಡು ಆಕೆ ಅದನ್ನು ಇಟ್ಟುಕೊಳ್ಳಬಹುದು. ಕಂದಾಯದ ಪಾಲು ಮಾತ್ರ ಇನಾಂ ಆಗಿದ್ದರೆ ಆಕೆ ಬದುಕಿರುವ ತನಕ ಅದು ಸಲ್ಲುತ್ತದೆ. ಎರಡರಲ್ಲೂ ಇನ್ನು ಮುಂದೆ ಸೇವೆ ಮಾಡಲೇಬೇಕು ಎಂಬ ಕಟ್ಟು ಇಲ್ಲ.

ಇದರಲ್ಲಿ ಜೈಲಿಲ್ಲ, ದಂಡ ಇಲ್ಲ. ಯಾವ ಹೆಂಗಸನ್ನೂ ಅಪರಾಧಿ ಮಾಡಿಲ್ಲ. ಮಗಳನ್ನು ಅರ್ಪಿಸದಿದ್ದರೂ ಗದ್ದೆ ಉಳಿಯುತ್ತದೆ ಎಂದು ಹೇಳಿತು, ಅಷ್ಟೇ. ಅವರ ಮುಂದಿನ ಕೆಲಸಗಳಿಗೆ ಸಿಕ್ಕಷ್ಟು ಹೆಸರು ಈ ಸೆಕ್ಷನ್ನಿಗೆ ಸಿಕ್ಕಿಲ್ಲ. ನನ್ನನ್ನು ಕೇಳಿದರೆ ಶಾಸಕಿಯಾಗಿ ಅವರು ಮಾಡಿದ ಅತ್ಯಂತ ಚುರುಕು ಕೆಲಸ ಇದೇ. ಗಟ್ಟಿ ದನಿಯ ಭಾಷಣ ಮಾಡಿದವರು ಬೇಕಾದಷ್ಟು ಜನ. ಯಾವ ಕಾಯ್ದೆಯ ಯಾವ ಸೆಕ್ಷನ್ ತಿದ್ದಿದರೆ ಕೆಲಸ ಆಗುತ್ತದೆ ಎಂದು ಹುಡುಕುವವರು ಆಗಲೂ ಕಡಿಮೆ, ಈಗಲೂ ಕಡಿಮೆ.

ವಾದ ಮಾಡುವಾಗ ಅವರಿಗೆ ಮೈಸೂರಿನ ಉದಾಹರಣೆ ಒಳ್ಳೆಯ ಆಸರೆಯಾಯಿತು. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಹಿಂದೂ ರಾಜರ ಸಂಸ್ಥಾನವೇ ನಿಲ್ಲಿಸಿರುವಾಗ ಇದರಿಂದ ಧರ್ಮಕ್ಕೆ ಧಕ್ಕೆ ಎಂದು ಹೇಳುವುದು ಹೇಗೆ?

ವಿರೋಧಿಸಿದವರಲ್ಲಿ ಕಾಂಗ್ರೆಸ್ಸಿನ ಸತ್ಯಮೂರ್ತಿ ಅವರ ಹೆಸರು ಎಲ್ಲರೂ ಹೇಳುತ್ತಾರೆ. ಆದರೆ ನಿಜವಾಗಿ ಕಿವಿಗೊಡಬೇಕಾದ ವಿರೋಧ ಬಂದದ್ದು ದೇವದಾಸಿಯರಿಂದಲೇ. ಅದರ ಮುಂಚೂಣಿಯಲ್ಲಿ ಇದ್ದವರು ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು ನಂಜನಗೂಡಿನಲ್ಲಿ, 1878ರಲ್ಲಿ. ದೊಡ್ಡ ಸಂಗೀತ ವಿದುಷಿ. ಕಛೇರಿ ಮಾಡಿ ಸಂಪಾದಿಸಿದ ಹಣವನ್ನೆಲ್ಲ ಸುರಿದು ತಿರುವೈಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು. ಮದ್ರಾಸಿನಲ್ಲಿ ದೇವದಾಸಿಯರು ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿ ಕೊಟ್ಟರು. ಅವರ ಮಾತಿನ ಸಾರ ಇಷ್ಟು: ನಮ್ಮನ್ನೆಲ್ಲ ಒಟ್ಟಿಗೆ ವೇಶ್ಯೆಯರು ಎಂದು ಕರೆಯಬೇಡಿ. ನಾವು ವಿದ್ಯೆ ಕಲಿತವರು, ನಮಗೆ ಆಸ್ತಿಯ ಹಕ್ಕಿದೆ, ಹೆಣ್ಣುಮಕ್ಕಳಿಗೆ ಆಸ್ತಿ ಬರುವ ಕೆಲವೇ ಮನೆತನಗಳು ನಮ್ಮವು. ತಪ್ಪು ಇದ್ದರೆ ತಿದ್ದಿ, ನಮ್ಮ ಹೆಣ್ಣುಮಕ್ಕಳಿಗೆ ಶಿಕ್ಷಣ ಕೊಡಿ, ಪದ್ಧತಿಯನ್ನೇ ಕಿತ್ತು ಹಾಕಬೇಡಿ.

ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಬೇರೆ ಹಿಂದೂ ಹೆಂಗಸರಿಗೆ ಅಪ್ಪನ ಆಸ್ತಿಯಲ್ಲಿ ಪಾಲು ಇಲ್ಲದ ಕಾಲ ಅದು. ದೇವದಾಸಿ ಮನೆಯಲ್ಲಿ ಯಜಮಾನಿಕೆ ಹೆಂಗಸಿನದು. ಅಕ್ಷರ, ಸಂಗೀತ, ಸ್ವಂತ ಹಣ ಇದ್ದವರು ಅವರು. ಅದೇ ಸಮುದಾಯದ ಗಂಡಸರ ಸಂಘಗಳು ಮಸೂದೆಗೆ ಜೋರಾಗಿ ಬೆಂಬಲ ಕೊಟ್ಟವು. ಅದರಲ್ಲಿ ಮಾನದ ಪ್ರಶ್ನೆ ಇತ್ತು, ಆಸ್ತಿಯ ಲೆಕ್ಕವೂ ಇತ್ತು ಎಂದು ನಂತರದ ಇತಿಹಾಸಕಾರರು ತೋರಿಸಿದ್ದಾರೆ. ಇನ್ನೊಂದು ಕಡೆ, ಆ ಬದುಕನ್ನು ಬಿಟ್ಟು ಹೊರಬಂದಿದ್ದ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಅಂಥವರು ಮುತ್ತುಲಕ್ಷ್ಮಿ ಅವರ ಬೆನ್ನಿಗೆ ನಿಂತರು. ಹಾಗಾಗಿ 'ದೇವದಾಸಿಯರು ಏನಂದರು' ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ.

ಮುತ್ತುಲಕ್ಷ್ಮಿ ಅವರಿಗೆ ಈ ಮನವಿಗಳ ಬಗ್ಗೆ ತಾಳ್ಮೆ ಇರಲಿಲ್ಲ. ನಾಗರತ್ನಮ್ಮ ಅವರಂಥ ಕೆಲವರ ಸುಖ ನೋಡಿ ಸಾವಿರಾರು ಹುಡುಗಿಯರ ಪಾಡು ಮರೆಯಬಾರದು ಎಂಬುದು ಅವರ ನಿಲುವು. ಡಾಕ್ಟರಾಗಿ ಗುಹ್ಯರೋಗಗಳ ಕಾಟವನ್ನು ಕಣ್ಣಾರೆ ಕಂಡಿದ್ದವರು. ಆ ನಿಲುವು ಅರ್ಥವಾಗುತ್ತದೆ. ಆದರೂ ಕಲೆಯ ವಿಷಯದಲ್ಲಿ ಅವರು ಬಿಗಿಯಾಗಿಬಿಟ್ಟರು ಅನಿಸುತ್ತದೆ. 1932ರಲ್ಲಿ ದೇವದಾಸಿಯರ ನಾಟ್ಯವನ್ನು ಉಳಿಸಬೇಕು ಎನ್ನುವ ವಕೀಲ ಇ. ಕೃಷ್ಣ ಅಯ್ಯರ್ ಅವರಿಗೂ ಮುತ್ತುಲಕ್ಷ್ಮಿ ಅವರಿಗೂ ಮದ್ರಾಸಿನ ಪತ್ರಿಕೆಗಳಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಕೊನೆಗೆ ನಾಟ್ಯ ಉಳಿಯಿತು, ಭರತನಾಟ್ಯ ಎಂಬ ಹೆಸರಿನಲ್ಲಿ ಮೇಲ್ಜಾತಿ ಮನೆಗಳ ಹೆಣ್ಣುಮಕ್ಕಳ ಕೈಸೇರಿತು. ತಲೆಮಾರುಗಳಿಂದ ಅದನ್ನು ಹಿಡಿದುಕೊಂಡು ಬಂದ ಮನೆಗಳಲ್ಲಿ ಬಹಳಷ್ಟು ವೇದಿಕೆಯಿಂದ ಕೆಳಗಿಳಿದವು. ಇದು ಅವರ ಉದ್ದೇಶ ಆಗಿರಲಿಲ್ಲ, ಆದರೆ ಆದದ್ದು ಹೀಗೆ.

44-ಎ ಪೂರ್ತಿ ಪರಿಹಾರ ಅಲ್ಲ ಅಂತ ಅವರಿಗೂ ಗೊತ್ತಿತ್ತು. ಭೂಮಿಯ ಕಟ್ಟು ಬಿಚ್ಚಿದ ಮೇಲೆ ಅರ್ಪಣೆಯನ್ನೇ ಅಪರಾಧ ಮಾಡುವ ಇನ್ನೊಂದು ಮಸೂದೆಯನ್ನು 1930ರ ಜನವರಿಯಲ್ಲಿ ಮಂಡಿಸಿದರು. ಅದು ಚರ್ಚೆಗೆ ಬರುವ ಹೊತ್ತಿಗೆ ಉಪ್ಪಿನ ಸತ್ಯಾಗ್ರಹ ಶುರುವಾಯಿತು, ಗಾಂಧೀಜಿ ಬಂಧನವಾಯಿತು. ಪ್ರತಿಭಟಿಸಿ ಅವರು ಸದನಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರವೇ ಕೊಟ್ಟ ಕುರ್ಚಿ ಅದು. ತಾವೇ ಮಂಡಿಸಿದ ಮಸೂದೆ ಅರ್ಧದಲ್ಲಿ ನಿಲ್ಲುತ್ತದೆ ಎಂದು ಗೊತ್ತಿದ್ದೂ ಎದ್ದು ಬಂದರು. ಇದು ಸರಿಯೋ ತಪ್ಪೋ ಎಂದು ಈಗ ಕೂತು ಹೇಳುವುದು ಸುಲಭ. ಮಸೂದೆಯಂತೂ ನಿಂತಿತು. ಅದು ಕಾನೂನಾದದ್ದು 1947ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಪೂರಾ 17 ವರ್ಷ ತಡ.

ಸದನ ಬಿಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ದೇವದಾಸಿ ಮನೆಗಳಿಂದ ತಪ್ಪಿಸಿಕೊಂಡು ಬಂದ ಕೆಲವು ಹುಡುಗಿಯರಿಗೆ ಮದ್ರಾಸಿನ ಹಾಸ್ಟೆಲುಗಳು ಜಾಗ ಕೊಡಲಿಲ್ಲ. ಅವರು ಮುತ್ತುಲಕ್ಷ್ಮಿ ಅವರ ಮನೆಗೆ ಬಂದರು. ಅಲ್ಲಿಂದ ಶುರುವಾದದ್ದು ಅಡ್ಯಾರಿನ ಅವ್ವೈ ಹೋಂ. ಕಾನೂನು ಮಾಡಿದವರೇ ಆ ಕಾನೂನಿನ ನಂತರದ ಊಟ, ವಸತಿ, ಶಾಲೆಯನ್ನೂ ನೋಡಿಕೊಂಡದ್ದು ಅಪರೂಪ, ಅಲ್ವಾ? ಇನ್ನೊಂದು ದೊಡ್ಡ ಕೆಲಸ ಕ್ಯಾನ್ಸರ್ ಆಸ್ಪತ್ರೆ. ಅವರ ತಂಗಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಲಂಡನ್ನಿನಲ್ಲಿ ಅವರು ಓದಿದ್ದರಲ್ಲಿ ಈ ರೋಗದ ವಿಷಯವೂ ಇತ್ತು. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1954ರಲ್ಲಿ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 12 ಹಾಸಿಗೆಗಳೊಂದಿಗೆ ಶುರುವಾಯಿತು. ಮಗ ಡಾ. ಕೃಷ್ಣಮೂರ್ತಿ ಮತ್ತು ಡಾ. ವಿ. ಶಾಂತಾ ಅದನ್ನು ಬೆಳೆಸಿದರು. 1956ರಲ್ಲಿ ಮುತ್ತುಲಕ್ಷ್ಮಿ ಅವರಿಗೆ ಪದ್ಮಭೂಷಣ ಬಂತು. 1968ರ ಜುಲೈ 22ರಂದು ಮುತ್ತುಲಕ್ಷ್ಮಿ ತೀರಿಕೊಂಡರು.

ಅವರ ಕಾನೂನು ನಮ್ಮ ಕಡೆ ಎಷ್ಟು ತಲುಪಿತು? ಇಲ್ಲಿ 44-ಎ ಸೆಕ್ಷನ್ನಿನ ಮಿತಿ ಕಾಣುತ್ತದೆ. ಅದು ಇನಾಂ ಇದ್ದವರಿಗೆ ಹೇಳಿ ಮಾಡಿಸಿದ್ದು, ತಂಜಾವೂರಿನಂಥ ಶ್ರೀಮಂತ ದೇವಸ್ಥಾನಗಳ ಲೋಕಕ್ಕೆ ಹೊಂದಿದ್ದು. ಬಳ್ಳಾರಿ ಕಡೆ ಬಸವಿ ಬಿಡುವ, ಅಂದರೆ ಮಗಳಿಗೆ ಮದುವೆ ಮಾಡದೆ ದೇವರಿಗೆ ಬಿಡುವ, ಮನೆಗಳ ಕಥೆಯೇ ಬೇರೆ. ಅಲ್ಲಿ ಬಿಡಿಸಿಕೊಡಲು ಹೆಚ್ಚಿನವರಿಗೆ ಇನಾಂ ಜಮೀನೇ ಇರಲಿಲ್ಲ. ಗಂಡುಮಕ್ಕಳಿಲ್ಲ, ಮನೆಯಲ್ಲಿ ಕಾಯಿಲೆ, ದೇವಿಗೆ ಹರಕೆ, ಬಡತನ ಇಂಥ ಕಾರಣಕ್ಕೆ ಮಗಳನ್ನು ಬಿಡುತ್ತಿದ್ದರು. ಬಹುಪಾಲು ದಲಿತ ಮತ್ತು ಹಿಂದುಳಿದ ಜಾತಿಗಳ ಮನೆಗಳು. ಬೆಳಗಾವಿ, ವಿಜಯಪುರ, ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿದ್ದವು, ಅಲ್ಲಿಗೆ 1934ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟಿ ಹುಡುಗಿಯರನ್ನು ದೇವಿಗೆ ಬಿಡುವುದು ಅದರಿಂದ ನಿಲ್ಲಲಿಲ್ಲ.

ಕರ್ನಾಟಕ ಇಡೀ ರಾಜ್ಯಕ್ಕೆ ಒಂದೇ ನಿಷೇಧ ಕಾಯ್ದೆ ಮಾಡಿದ್ದು 1982ರಲ್ಲಿ. ಅದರಲ್ಲಿ ಜೈಲಿತ್ತು, ದಂಡ ಇತ್ತು. ಮುತ್ತು ಕಟ್ಟಿಸಿದ ತಂದೆ ತಾಯಿಗೆ ಶಿಕ್ಷೆ ಇನ್ನೂ ಜಾಸ್ತಿ ಇತ್ತು. ಆದರೆ ಮಗಳನ್ನು ಬಿಡದಿದ್ದರೆ ಆ ಮನೆಗೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಆ ಕಾಯ್ದೆಯಲ್ಲಿ ಉತ್ತರ ಕಡಿಮೆ ಇತ್ತು. 1993-94 ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. ಆ ಪಟ್ಟಿಯಲ್ಲಿ ಇದ್ದವರಿಗೆ ತಿಂಗಳ ಮಾಸಾಶನ, ಮನೆ, ಸಾಲದ ಸೌಲಭ್ಯ ಸಿಗುತ್ತದೆ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು ಮರುಸಮೀಕ್ಷೆ ಮಾಡಿ, ನಮಗೂ ಉಳುಮೆಗೆ ಭೂಮಿ ಕೊಡಿ ಎಂದು ಹೊಸಪೇಟೆ, ಕೊಪ್ಪಳ, ರಾಯಚೂರು ಕಡೆ ಧರಣಿ ಕೂರುತ್ತಲೇ ಬಂದಿದ್ದಾರೆ.